ಎರಡು ಡಬ್ಬಿ

ಹುನಗುಂದದ ಸರಕಾರಿ ದವಾಖಾನಿ,
ಹನ್ನೊಂದನೇ ನಂಬರಿನ ಖೋಲಿ.
ಬಾಗಲ ಮ್ಯಾಲಿನ ಬೋರ್ಡು ಓದಬಾರದಂತ
ಸೆರಗು ಹಣಿಮಟ ಎಳಕೊಂಡು ಕುಂತಿದ್ದೆ,
ನಾ ಓದದಿದ್ರ ಉಳಿದವರೂ ಓದಂಗಿಲ್ಲ ಅನ್ನೂವಂಗ.

ಡಾಕ್ಟರ್ ಬಾಯಿ ನನ್ನ ಮಗಳ ವಾರಗಿ.
ಏನಾಗತೈತಿ ಅಂದ್ಲು.
ಏನೂ ಆಗಂಗಿಲ್ಲರಿ, ಅದ ತ್ರಾಸು.
ಕಂಡಿಕಿ ಸುತ್ತಾಕ ಕುಂತರ
ರಾಟಿ ತಿರಗತೈತಿ, ನಾ ತಿರಗಂಗಿಲ್ಲ.
ರೊಟ್ಟಿ ಬಡಿಯೂವಾಗ ಕೈ ನಡುವ ನಿಲ್ಲತೈತಿ.
ಹಂಚು ಕಾಯತೈತಿ,
ನಾ ಅದರ ಮುಂದ, ಯಾರದೋ ಮನಿಗೆ ಬಂದಾಕಿಯಂಗ,
ಏಳು ಅಂತ ಯಾರರ ಅನ್ನಲಿ ಅಂತ ಕುಂತಿರತೇನಿ.

ಆಕಿ ಬರದ್ಲು. ಸಣ್ಣ ಬಿಳಿ ಗುಳಿಗಿ, ನಾಷ್ಟಾ ಆದಮ್ಯಾಲೆ ಒಂದು.
"ಮೂರು ವಾರ ಹಿಡೀಬಹುದು, ನಡುವ ಬಿಡಬ್ಯಾಡ್ರಿ."
ಹೊರಗ ಪಾಳಿ ಅಂಗಳದ ಬೇವಿನ ಗಿಡದ ತನಕ ಇತ್ತು.
ಆಕಿ ಕಣ್ಣು ಆಗಲೇ ಮುಂದಿನ ಚೀಟಿ ಮ್ಯಾಲೆ.

ಇಳಕಲ್ಲಿಗೆ ಇಳಿಯೂದರಾಗ ಅತ್ತಿಗಿಗೆ ಸುದ್ದಿ ಮುಟ್ಟಿತ್ತು.
"ರುಕಮಾ, ತಲಿ ಗುಳಿಗಿ ಒಮ್ಮೆ ಹಿಡದರ ಬಿಡಂಗಿಲ್ಲವಾ.
ಗೂಡೂರಿನ ಫಕೀರಪ್ಪಜ್ಜನ ಕಡೆ ಹೋಗೂನು."

ಅಜ್ಜ ನಾಡಿ ಹಿಡದ, ಬಿಡಲೇ ಇಲ್ಲ.
ಕಡೀಕ ಅತ್ತದ್ದು ಯಾವಾಗ ಅಂತ ಕೇಳಿದ.
ನಕ್ಕದ್ದು ಯಾವಾಗ ಅಂತ ಎಲ್ಲಾರೂ ಕೇಳಿದ್ದರು,
ಇದನ್ನ ಯಾರೂ ಕೇಳಿರಲಿಲ್ಲ.
ನನಗ ನೆನಪಾಗಲಿಲ್ಲ.
ಅಜ್ಜ ತಾಸುಗಟ್ಟಲೆ ಸುಮ್ಮನ ಕುಂತ, ನನ್ನ ಕೂಡ.
ಆಮ್ಯಾಲೆ ಹಿರೇಮದ್ದಿನ ಬೇರು, ಒಂದೆಲಗ,
ಹೆಸರು ಹೇಳದ ಇನ್ನೊಂದು, ಮೂರೂ ಕುಟ್ಟಿ ಕೊಟ್ಟ.
"ಹೊತ್ತು ಮೂಡೂಕ ಮುಂಚೆ ಕೆರಿ ತನಕ ನಡಿ" ಅಂದ.

ಪುಡಿ ಅರಿಷಿಣದ ಡಬ್ಬಿಯೊಳಗ,
ಗುಳಿಗಿ ಕಂಡಿಕಿ ಡಬ್ಬಿಯೊಳಗ.
ಅತ್ತಿಗಿಗೆ ಇದು ಗೊತ್ತಿಲ್ಲ, ಡಾಕ್ಟರಿಗೆ ಅದು ಗೊತ್ತಿಲ್ಲ.
ಅತ್ತಿ ಬ್ಯಾರೆ, ಅಮೀನಗಡದ ಕರದಂಟು ತರಿಸಿ
ತಿನ್ನು, ಶಕ್ತಿ ಬರತೈತಿ ಅಂದ್ಲು.
ಬೆಲ್ಲ ಬಾಯಾಗ ಉಸುಕಿನಂಗ.

ಎಂಟನೇ ದಿನ ಕೈ ನಡಗಾಕ ಹತ್ತಿದವು.
ಎಳಿ ಹಿಡದರ ಎಳಿನೂ ನಡಗಿತು.
ರಾತ್ರಿ ನಿದ್ದಿಲ್ಲ, ಎದಿ ಮಗ್ಗದಂಗ ಬಡೀತು,
ಯಾವುದರಿಂದ ಅಂತ ಹೇಳಾಕ ಯಾರಿಗೂ ಬಾಯಿಲ್ಲ.
ಬಾಜೂ ರಾಟಿಯ ಮಾಬೂಬಿ ನೋಡಿದ್ಲು, ಅಂದ್ಲು:
"ಇಬ್ಬರಿಗೂ ಸುಳ್ಳು ಹೇಳಿ
ಯಾರ ಕಡಿಂದ ಆರಾಮ ಆಗಾಕಿ ನೀ?"

ಮಂಗಳವಾರ ಎರಡೂ ಡಬ್ಬಿ ಟೇಬಲ್ ಮ್ಯಾಲೆ ಇಟ್ಟೆ.
ಡಾಕ್ಟರ್ ಬಾಯಿ ಪುಡಿ ಮೂಸಿ ನೋಡಿದ್ಲು. ನಗಲಿಲ್ಲ.
"ಗಿಡದ್ದಂದರ ಸಪ್ಪಗಿರತೈತಿ ಅಂತೇನಿಲ್ಲ,
ಗುಳಿಗಿ ಕೂಡ ಜಗಳಕ್ಕ ಬೀಳಬಹುದು.
ಹೆಸರಿಲ್ಲದ್ದು ಬ್ಯಾಡ.
ನಡಿಯೂದು ಬಿಡಬ್ಯಾಡ್ರಿ.
ಅಜ್ಜನ ಕಡೆ ಹೋಗೂದೂ."
ಪಾಳಿ ಬೇವಿನ ಗಿಡ ದಾಟಿತ್ತು,
ಆದರೂ ಅಂವ ಏನೇನು ಕೇಳಿದ ಅಂತ
ಆಕಿ ಅವತ್ತು ಪೆನ್ನು ಇಟ್ಟು ಕೇಳಿದ್ಲು.

ಪುಡಿ ತಿರುಗಿ ಒಯ್ದೆ. ಅಜ್ಜ ಸಿಟ್ಟಾಗತಾನಂತ ಅಂಜಿದ್ದೆ.
ಡಬ್ಬಿ ಇಸಕೊಂಡು, ಹಿತ್ತಲದ ಬಾವಿ ಕಡೆ ಮಾರಿ ಮಾಡಿ,
"ನಮ್ಮ ತಮ್ಮಗ ಬರೇ ಬೇರು ಕೊಟ್ಟಿದ್ನಿ" ಅಂದ.
ಅಷ್ಟ.
ಬಾವಿಗೆ ಕಬ್ಬಿಣದ ಜಾಳಗಿ ಹಾಕಿತ್ತು.

ಒಡಲಿಗೆ ಸೆರಗು ಕೊಂಡಿ ಹಾಕಿ ಕೂಡಸೂ ಊರಿನಾಕಿ ನಾ.
ಗುಳಿಗಿ ಒಡಲು, ನಡಿಗಿ ಸೆರಗು ಅಂದರ
ಕೇಳಾಕ ಚಂದ.
ಖರೆ ಅಂದರ, ಯಾವ ಎಳಿ ಹಿಡೀತೋ ನನಗ ತಿಳೀಲಿಲ್ಲ.
ಮಾಬೂಬಿಯ ಬೈಗಳಾ ಇರಬಹುದು.

ಇವತ್ತು ಮುಂಜಾನೆ, ಕೆರಿಯಿಂದ ಬಂದು,
ಗುಳಿಗಿ ನುಂಗಿ ಹಂಚಿನ ಮುಂದ ಕುಂತೆ.
ಅತ್ತಿಗಿ ಏನೋ ಕೇಳಿದ್ಲು, ಅತ್ತಾಗ ನೋಡಿದೆ,
ರೊಟ್ಟಿ ಹೊತ್ತಿತು.
ವಾಸನಿ ಬಂತು.
ಮೂರು ತಿಂಗಳ ಮ್ಯಾಲೆ, ಒಂದು ರೊಟ್ಟಿ ಸಲುವಾಗಿ,
ನನಗ ಸಿಟ್ಟು ಬಂತು.